ಲಾಗ್‌ನಲ್ಲಿ ಇಲ್ಲದ 40 ನಿಮಿಷ

2023ರ ಜೂನ್‌ನ ಒಂದು ಬೆಳಿಗ್ಗೆ, ಶಾಲೆ ಕಾಲೇಜುಗಳ ಫೀಸು ಕಟ್ಟಿಸಿಕೊಳ್ಳುವ ಒಂದು ತಂತ್ರಾಂಶದಲ್ಲಿ ಸುಮಾರು 40 ನಿಮಿಷಗಳ ಕಾಲ ಕೆಲವು ಪಾಲಕರ ಖಾತೆಯಿಂದ ಎರಡೆರಡು ಸಲ ಹಣ ಹೋಯಿತು. ಅದು ಪ್ರವೇಶದ ಮೊದಲ ದಿನ. ಹನ್ನೊಂದೂವರೆಯ ಹೊತ್ತಿಗೆ ಎಲ್ಲವೂ ತಾನಾಗಿಯೇ ಸರಿಹೋಯಿತು. ಸಂಜೆಯೊಳಗೆ ಹೆಚ್ಚುವರಿ ಹಣ ವಾಪಸಾಗುವ ಏರ್ಪಾಡೂ ಆಯಿತು. ಉಳಿದದ್ದು ಒಂದೇ ಪ್ರಶ್ನೆ: ಯಾಕೆ ಹೀಗಾಯಿತು?

ಪುಣೆಯ ಹಿಂಜೆವಾಡಿಯ ಆ ಆಫೀಸಿನಲ್ಲಿ ಉತ್ತರ ಎಲ್ಲರಿಗೂ ಗೊತ್ತಿದ್ದಂತಿತ್ತು. ಹಿಂದಿನ ಸಂಜೆ ಒಂದೇ ಒಂದು ಬದಲಾವಣೆ ಹೊರಗೆ ಹೋಗಿತ್ತು. ಅದನ್ನು ಮಾಡಿದವನು ತಂಡಕ್ಕೆ ಸೇರಿ ನಾಲ್ಕು ತಿಂಗಳಾಗಿದ್ದ ಹುಡುಗ. ಅಕ್ಕಲಕೋಟೆ ಕಡೆಯವನು, ಓದಿದ್ದು ಮರಾಠಿಯಲ್ಲಿ, ಮನೆಯ ಮಾತು ಕನ್ನಡ. ಅವನು ಮುಟ್ಟಿದ್ದು 'ಹಣ ಕಟ್ಟಿ' ಎಂಬ ಬಟನ್ನನ್ನು. ಬಟನ್ ಮುಟ್ಟಿದ್ದಾನೆ, ಹಣ ಎರಡು ಸಲ ಹೋಗಿದೆ. ಜನ ಎರಡು ಸಲ ಒತ್ತುವಂತಾಗಿದೆ, ಅಷ್ಟೇ. ಇದಕ್ಕಿಂತ ನೇರವಾದ ಲೆಕ್ಕ ಇನ್ನೊಂದಿರಲಿಲ್ಲ.

"ಅಕ್ಕಾ, ನಾ ಬರೇ ಬಣ್ಣ ಬದಲ್ ಮಾಡೀನ್ರಿ," ಎಂದು ಅವನು ಚಹಾ ಮಷೀನಿನ ಹತ್ತಿರ ಅವಳಿಗೆ ಹೇಳಿದ. ಅವಳು ತಂಡದ ಮುಖ್ಯಸ್ಥೆ, ಧಾರವಾಡದವಳು, ಪುಣೆಗೆ ಬಂದು ಹದಿನಾರು ವರ್ಷ. ಅವನ ಮಾತನ್ನು ನಂಬುವುದು ಬಿಡುವುದು ಬೇರೆ ಮಾತು. ಲಾಗ್ ತೆಗೆದು ನೋಡಿದರೆ ತಿಳಿದುಹೋಗುತ್ತದೆ ಎಂದುಕೊಂಡಳು.

ಮೀಟಿಂಗಿನಲ್ಲಿ ಲಾಗ್ ತೆರೆದರು. ಮೊದಲು ಒಬ್ಬರು 10:42ರ ಸಾಲುಗಳನ್ನು ಹುಡುಕಿ, "ಎಲ್ಲ ಶಾಂತವಾಗಿದೆಯಲ್ಲ" ಎಂದರು. ಸರ್ವರ್ ಗಡಿಯಾರ ಯುಟಿಸಿಯಲ್ಲಿ ನಡೆಯುತ್ತಿತ್ತು. ಭಾರತದ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಅವರು ನೋಡುತ್ತಿದ್ದದ್ದು ಸಂಜೆ ನಾಲ್ಕರ ನಂತರದ್ದು. ಬ್ಯಾಂಕಿನ ಪಟ್ಟಿಯ 10:42 ಎಂದರೆ ಲಾಗ್‌ನ 05:12. ಅಲ್ಲಿಗೆ ಹೋದರು. ಅಲ್ಲಿ ಸಾಲುಗಳೇ ಇರಲಿಲ್ಲ. ಇದ್ದರೂ ಚೂರುಪಾರು: ಎಲ್ಲೋ ಒಂದು ಎಚ್ಚರಿಕೆ, ಎಲ್ಲೋ ಒಂದು ದೋಷ. ಯಾವ ಪಾಲಕರದ್ದು, ಯಾವ ಕಾಲೇಜಿನದ್ದು, ಒಂದು ಸಲ ಬಂದದ್ದೋ ಎರಡು ಸಲ ಬಂದದ್ದೋ, ಯಾವುದಕ್ಕೂ ಸಾಕ್ಷಿಯಿಲ್ಲ. ಅದರ ಹಿಂದಿನ ದಿನ ಎಲ್ಲವೂ ಬರೆದಿದೆ, ಮಧ್ಯಾಹ್ನದ ನಂತರವೂ ಬರೆದಿದೆ. ಬೇಕಾಗಿದ್ದ 40 ನಿಮಿಷ ಮಾತ್ರ ಬಹುಪಾಲು ಖಾಲಿ.

ಸಾಕ್ಷಿ ಇಲ್ಲದ ಕಡೆ ಊಹೆಯೇ ತೀರ್ಪಾಗುತ್ತದೆ. ಎರಡು ವಾರದ ನಂತರ ಹುಡುಗನ ಪ್ರೊಬೇಷನ್ ಮೂರು ತಿಂಗಳು ಮುಂದಕ್ಕೆ ಹೋಯಿತು. ಕಾರಣವನ್ನು ಒಂದು ಪತ್ರದಲ್ಲಿ ಬರೆದು ಅವನ ಫೈಲಿಗೆ ಸೇರಿಸಿದರು.

ಆ ಪತ್ರ ಬಂದ ರಾತ್ರಿ ಅವಳು ಲಾಗಿಂಗ್ ವ್ಯವಸ್ಥೆಯ ಕಡತವನ್ನು ತೆರೆದಳು. ಅದರ ಇತಿಹಾಸದಲ್ಲಿ ಮೊದಲ ಹೆಸರು ಅವಳದ್ದೇ. 2017ರಲ್ಲಿ ಬೇರೊಂದು ಪ್ರಾಜೆಕ್ಟಿನಿಂದ ನಕಲು ಮಾಡಿ ತಂದು ಇಟ್ಟಿದ್ದಳು. ಆ ಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ.

ಜಾವಾದಲ್ಲಿ ಕೆಲಸ ಮಾಡಿದವರಿಗೆ ಈ ಕಡತದ ಪರಿಚಯ ಇರುತ್ತದೆ. ಮಾಡದವರಿಗಾಗಿ ಎರಡು ಮಾತು. ತಂತ್ರಾಂಶ ನಡೆಯುವಾಗ ತಾನು ಏನು ಮಾಡುತ್ತಿದ್ದೇನೆ ಎಂದು ತನ್ನ ಪಾಡಿಗೆ ಬರೆದುಕೊಳ್ಳುತ್ತಾ ಹೋಗುವ ದಿನಚರಿಯೇ ಲಾಗ್. ಹೆಸರು ಹಡಗಿನಿಂದ ಬಂದದ್ದು: ಗಂಟು ಹಾಕಿದ ಹಗ್ಗಕ್ಕೆ ಮರದ ತುಂಡೊಂದನ್ನು ಕಟ್ಟಿ ನೀರಿಗೆ ಎಸೆದು ವೇಗ ಅಳೆಯುತ್ತಿದ್ದರು, ಅದನ್ನು ಬರೆದಿಡುವ ಪುಸ್ತಕಕ್ಕೆ ಲಾಗ್‌ಬುಕ್ ಎಂದು ಹೆಸರಾಯಿತು. ಪ್ರೋಗ್ರಾಂ ಬರೆಯುವವನು ತನಗೆ ತೋಚಿದ ಕಡೆಯೆಲ್ಲ ಲಾಗ್ ಸಾಲು ಹಾಕುತ್ತಾನೆ, ಪ್ರತಿ ಸಾಲಿಗೂ ಒಂದು ಮಟ್ಟ ಕೊಡುತ್ತಾನೆ. ಕೆಳಗಿನಿಂದ ಮೇಲೆ ಟ್ರೇಸ್, ಡೀಬಗ್, ಇನ್‌ಫೊ, ವಾರ್ನ್, ಎರರ್. ಇವುಗಳಲ್ಲಿ ಯಾವ ಮಟ್ಟದಿಂದ ಮೇಲಿನದು ನಿಜವಾಗಿ ಕಡತಕ್ಕೆ ಇಳಿಯಬೇಕು, ಯಾವ ರೂಪದಲ್ಲಿ, ಎಲ್ಲಿಗೆ, ಎಷ್ಟು ದಿನ ಇರಬೇಕು ಎಂಬುದನ್ನು ಬೇರೊಂದು ಕಡತ ನಿರ್ಧರಿಸುತ್ತದೆ. ಬರೆಯುವುದು ಒಂದು ಕಡೆ, ಉಳಿಸುವ ತೀರ್ಮಾನ ಇನ್ನೊಂದು ಕಡೆ.

ಈ ಬೇರ್ಪಡಿಕೆ ಜಾವಾ ಲೋಕಕ್ಕೆ ಚಿರಪರಿಚಿತವಾದದ್ದು ಲಾಗ್‌ಫೋರ್‌ಜೆ ಎಂಬ ಲೈಬ್ರರಿಯಿಂದ. ಅದರ ಮೂಲ 1996ರ ಒಂದು ಯುರೋಪಿಯನ್ ಯೋಜನೆಯಲ್ಲಿದೆ; ಅದನ್ನು ಬೆಳೆಸಿದವರಲ್ಲಿ ಪ್ರಮುಖ ಹೆಸರು ಜೆಕಿ ಗುಲ್ಜು. 2002ರಲ್ಲಿ ಜಾವಾ 1.4ರ ಜೊತೆ ಭಾಷೆಯದ್ದೇ ಆದ ಲಾಗಿಂಗ್ ಬಂತು, ಆದರೆ ಅಷ್ಟರಲ್ಲಿ ಜನ ಲಾಗ್‌ಫೋರ್‌ಜೆಗೆ ಒಗ್ಗಿಹೋಗಿದ್ದರು. ಮುಂದೆ ಗುಲ್ಜು ಅವರೇ ಎಸ್‌ಎಲ್‌ಎಫ್‌ಫೋರ್‌ಜೆ ಮತ್ತು ಲಾಗ್‌ಬ್ಯಾಕ್ ಎಂಬ ಇನ್ನೆರಡನ್ನು ತಂದರು. ಸ್ಪ್ರಿಂಗ್ ಬೂಟ್‌ನಲ್ಲಿ ಕಟ್ಟಿದ ತಂತ್ರಾಂಶಕ್ಕೆ ಬೇರೇನೂ ಹೇಳದಿದ್ದರೆ ಸಿಗುವುದು ಲಾಗ್‌ಬ್ಯಾಕ್. ಅವಳದ್ದೂ ಅದೇ.

ಈ ಕಡತವನ್ನು ಅವಳು ನಡುವೆ ಒಮ್ಮೆ ತೆರೆದದ್ದುಂಟು. 2021ರ ಡಿಸೆಂಬರ್ 10, ಶುಕ್ರವಾರ. ಲಾಗ್‌ಫೋರ್‌ಜೆ ಎರಡನೇ ಆವೃತ್ತಿಯಲ್ಲಿ ದೊಡ್ಡದೊಂದು ತೂತು ಇದೆ ಎಂಬ ಸುದ್ದಿ ಜಗತ್ತಿನ ತುಂಬ ಹಬ್ಬಿದ ದಿನ. ಲಾಗ್ ಮಾಡುವ ಸಾಲಿನೊಳಗೆ ಒಂದು ವಿಶೇಷ ಪದಪುಂಜ ಬಂದರೆ ಸಾಕು, ಲೈಬ್ರರಿ ಅದನ್ನು ಬರಿದೇ ಬರೆದುಕೊಳ್ಳುವ ಬದಲು ಅದರ ಮಾತು ಕೇಳಿ, ಅಪರಿಚಿತ ಯಂತ್ರದಿಂದ ಕೋಡ್ ತಂದು ನಡೆಸುವ ಅಪಾಯವಿತ್ತು. ಗಂಭೀರತೆಯ ಅಳತೆಯಲ್ಲಿ ಹತ್ತಕ್ಕೆ ಹತ್ತು. ಆ ಶನಿವಾರ ಭಾನುವಾರ ಹಿಂಜೆವಾಡಿಯಲ್ಲೂ ದೀಪ ಆರಲಿಲ್ಲ. 'ಲಾಗ್‌ಫೋರ್‌ಜೆ ಕೋರ್' ಎಂಬ ಕಡತ ತಮ್ಮಲ್ಲಿ ಎಲ್ಲಾದರೂ ಇದೆಯೇ ಎಂದು ತಂಡ ಹುಡುಕಿತು. ಇದ್ದದ್ದು ಅದರ ಮಾತನ್ನು ಲಾಗ್‌ಬ್ಯಾಕ್‌ಗೆ ದಾಟಿಸುವ ಸೇತುವೆಗಳು ಮಾತ್ರ. ಅವುಗಳಿಂದ ಆ ತೊಂದರೆ ಇರಲಿಲ್ಲ. ಎಲ್ಲರೂ ಉಸಿರು ಬಿಟ್ಟರು. ಯಾವ ಲೈಬ್ರರಿ ಎಂದು ನೋಡಿದರು. ಅದರಿಂದ ಏನು ಬರೆಸುತ್ತಿದ್ದೇವೆ ಎಂದು ಆ ದಿನವೂ ಯಾರೂ ನೋಡಲಿಲ್ಲ. ಅವಳೂ ಕಡತ ಮುಚ್ಚಿ ಮಲಗಿದ್ದಳು.

ಈಗ ಒಂದೊಂದೇ ಸಾಲು ಓದಿದಳು. ಡಿಸ್ಕ್ ಉಳಿಸಲೆಂದು ಮೂಲ ಮಟ್ಟ ವಾರ್ನ್‌ನಲ್ಲಿತ್ತು. ಲಾಗ್‌ಬ್ಯಾಕ್‌ನಲ್ಲಿ ಲಾಗರ್‌ಗಳು ಒಂದು ವಂಶವೃಕ್ಷದಂತೆ: ತನಗೆ ಮಟ್ಟ ಹೇಳಿರದಿದ್ದರೆ ಅಪ್ಪನದು, ಅವನಿಗೂ ಇಲ್ಲದಿದ್ದರೆ ಅಜ್ಜನದು. ಹಣ ಪಾವತಿಯ ಭಾಗಕ್ಕೆ ಮಾತ್ರ ಇನ್‌ಫೊ ಎಂದು ಬೇರೆ ಹೇಳಿತ್ತು. ಅಂದರೆ ಪಾವತಿಯ ಸಾಲುಗಳು ಬರೆಯಲೇಬೇಕಿತ್ತು, ಮಾಮೂಲಿ ದಿನ ಬರೆಯುತ್ತಲೂ ಇದ್ದವು. ಆ 40 ನಿಮಿಷ ಎಲ್ಲಿ ಹೋದವು?

ಉತ್ತರ ಕೊನೆಯ ಕೆಲವು ಸಾಲಿನಲ್ಲಿತ್ತು. ಬರೆಯುವ ಕೆಲಸಕ್ಕೆ ತಂತ್ರಾಂಶ ಕಾಯಬಾರದು ಎಂದು ಅವಳು ಅಸಿಂಕ್ ಅಪೆಂಡರ್ ಎಂಬುದನ್ನು ಬಳಸಿದ್ದಳು. ಸಾಲುಗಳು ಮೊದಲು ಒಂದು ಸರತಿಗೆ ಹೋಗಿ ನಿಲ್ಲುತ್ತವೆ, ಹಿಂದೆ ಕೂತ ಇನ್ನೊಂದು ಥ್ರೆಡ್ ನಿಧಾನವಾಗಿ ಅವನ್ನು ಕಡತಕ್ಕೆ ಇಳಿಸುತ್ತದೆ. ಏನೂ ಹೇಳದಿದ್ದರೆ ಆ ಸರತಿಯಲ್ಲಿ 256 ಜಾಗ. ಜಾಗ ಶೇಕಡ 20ಕ್ಕಿಂತ ಕಡಿಮೆ ಉಳಿದಾಗ ಅದು ಟ್ರೇಸ್, ಡೀಬಗ್, ಇನ್‌ಫೊ ಸಾಲುಗಳನ್ನು ಸದ್ದಿಲ್ಲದೆ ಬಿಸಾಡುತ್ತದೆ, ವಾರ್ನ್ ಮತ್ತು ಎರರ್ ಮಾತ್ರ ಇಟ್ಟುಕೊಳ್ಳುತ್ತದೆ. ದಾಖಲೆಯಲ್ಲಿ ಇದು ಸ್ಪಷ್ಟವಾಗಿ ಬರೆದಿದೆ. ತಪ್ಪೆನ್ನುವಂತಿಲ್ಲ, ಬಹಳ ಕಡೆ ಅದು ಬುದ್ಧಿವಂತಿಕೆಯೇ. ಆದರೆ ಪರಿಣಾಮ ಹೀಗೆ: ಗದ್ದಲ ಇಲ್ಲದ ದಿನ ಎಲ್ಲವನ್ನೂ ಬರೆಯುತ್ತದೆ, ಗದ್ದಲ ಎದ್ದಾಗ ಬರೆಯುವುದನ್ನು ನಿಲ್ಲಿಸುತ್ತದೆ. ಪ್ರವೇಶದ ಮೊದಲ ದಿನ ಆದದ್ದು ಅದೇ. ಲಾಗ್‌ಗಳನ್ನು 180 ದಿನ ಇಡಬೇಕು ಎಂದು 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ ಆದೇಶ ಹೊರಡಿಸಿದ ಮೇಲೆ ಕಂಪನಿ ಹಳೆಯ ಕಡತಗಳನ್ನೆಲ್ಲ ಜೋಪಾನವಾಗಿ ಎತ್ತಿಡುತ್ತಿತ್ತು. ಆ ಬೆಳಗಿನ ಮಟ್ಟಿಗೆ ಜೋಪಾನ ಮಾಡಿದ್ದು ಖಾಲಿ ಹಾಳೆಯನ್ನು.

ಆ ವಾರಾಂತ್ಯ ಅವಳು ಧಾರವಾಡಕ್ಕೆ ಹೋದಳು. ಅಪ್ಪ ಮಿರಜ್–ಲೋಂಡಾ ದಾರಿಯ ಸಣ್ಣ ನಿಲ್ದಾಣಗಳಲ್ಲಿ ಸ್ಟೇಷನ್ ಮಾಸ್ತರರಾಗಿ ನಿವೃತ್ತರಾದವರು. ಮಗಳ ಕೆಲಸದ ಬಗ್ಗೆ ಅವರು ಕೇಳುವುದು ಕಡಿಮೆ, ಅವಳು ಹೇಳುವುದೂ ಕಡಿಮೆ. ಅಂದು ಊಟ ಆದ ಮೇಲೆ ಹೇಳಿದಳು. ಅವರಿಗೆ ಎಲ್ಲ ಅರ್ಥವಾಯಿತೆಂದಲ್ಲ. "ರಜಿಸ್ಟರ್ ಇರಲಿಲ್ಲೇನು?" ಎಂದರು.

ಪ್ರತಿ ನಿಲ್ದಾಣದಲ್ಲೂ ಒಂದು ಟ್ರೇನ್ ಸಿಗ್ನಲ್ ರಜಿಸ್ಟರ್ ಇರುತ್ತದೆ. ಮುಂದಿನ ನಿಲ್ದಾಣವನ್ನು ಲೈನ್ ಕ್ಲಿಯರ್ ಕೇಳಿದ್ದು ಎಷ್ಟು ಹೊತ್ತಿಗೆ, ಸಿಕ್ಕಿದ್ದು ಎಷ್ಟು ಹೊತ್ತಿಗೆ, ಗಾಡಿ ಬಿಟ್ಟದ್ದು, ತಲುಪಿದ್ದು, ಎಲ್ಲವೂ ಅದರಲ್ಲಿ. ಮಾತು ಕೊಡುವಾಗ ಒಂದು ಪ್ರೈವೇಟ್ ನಂಬರ್ ಕೂಡ ಕೊಡುತ್ತಾರೆ. ಕೊಟ್ಟವರೂ ಬರೆದುಕೊಳ್ಳುತ್ತಾರೆ, ತೆಗೆದುಕೊಂಡವರೂ ಬರೆದುಕೊಳ್ಳುತ್ತಾರೆ. ನಾಳೆ ತಕರಾರು ಬಂದರೆ ಎರಡೂ ಪುಸ್ತಕ ಎದುರುಬದುರು ಇಟ್ಟು, ಅದೇ ನಂಬರ್ ಎರಡರಲ್ಲೂ ಇದೆಯೇ ಎಂದು ನೋಡಬಹುದು. ಅಪ್ಪನ ಕಾಲದಲ್ಲಿ ಒಮ್ಮೆ ಎಕ್ಸ್‌ಪ್ರೆಸ್ ಒಂದು ತಡವಾಗಿ, ಹೊಸದಾಗಿ ಬಂದಿದ್ದ ಸಹಾಯಕ ಮಾಸ್ತರನ ಮೇಲೆ ವಿಚಾರಣೆ ಬಂದಿತ್ತಂತೆ. ಅವನು ಲೈನ್ ಕ್ಲಿಯರ್ ಕೇಳಿದ್ದು ಸರಿಯಾದ ಹೊತ್ತಿಗೆ, ಪಕ್ಕದ ನಿಲ್ದಾಣ ಕೊಟ್ಟದ್ದು ತಡವಾಗಿ. ಎರಡು ರಜಿಸ್ಟರ್ ತಾಳೆ ನೋಡಿದ ಮೇಲೆ ಮಾತು ಮುಗಿಯಿತು.

"ರಾತ್ರಿ ಎಲ್ಡಕ್ಕ ಒಂದ ಗಾಡಿ ಬಂದ್ರೂ ಬರೀಬೇಕು, ಜಾತ್ರಿ ದಿನ ಇಪ್ಪತ್ತ ಬಂದ್ರೂ ಬರೀಬೇಕು. ಗದ್ದಲ ಐತಿ ಅಂತ ಬಿಡೂ ಹಂಗಿಲ್ಲ. ಗದ್ದಲದಾಗ ಅಲ್ಲೇನು ತಪ್ಪಾಗೂದು?" ಎಂದರು ಅಪ್ಪ. ಮತ್ತೆ ಇನ್ನೊಂದು ಮಾತು ಸೇರಿಸಿದರು. ತಪ್ಪು ಬರೆದರೆ ಅಳಿಸುವಂತಿಲ್ಲ. ಓದಲು ಬರುವಂತೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು.

ಪುಣೆಗೆ ಮರಳಿದ ಮೇಲೆ ಅವಳ ಕೈಗೆ ಮೊದಲು ಬಂದದ್ದು ಭಯದ ಪರಿಹಾರ. ಪರೀಕ್ಷಾ ಸರ್ವರಿನಲ್ಲಿ ಮೂಲ ಮಟ್ಟವನ್ನೇ ಡೀಬಗ್‌ಗೆ ಇಳಿಸಿದಳು: ಎಲ್ಲವನ್ನೂ ಬರೆ, ಏನೂ ಬಿಡಬೇಡ. ಬೆಳಗಾಗುವುದರೊಳಗೆ ಡಿಸ್ಕ್ ತುಂಬಿ ತಂತ್ರಾಂಶ ನಿಂತಿತ್ತು. ಡೇಟಾಬೇಸ್‌ಗೆ ಹೋದ ಪ್ರತಿ ಪ್ರಶ್ನೆ, ನೆಟ್‌ವರ್ಕಿನಲ್ಲಿ ಹೋದ ಪ್ರತಿ ತುಣುಕು, ಲೈಬ್ರರಿಗಳ ಎಲ್ಲ ಸ್ವಗತ. ಪಾವತಿಯ ಸಾಲು ಹುಡುಕಿದರೆ ಹುಲ್ಲಿನ ಬಣವೆಯಲ್ಲಿ ಸೂಜಿ.

ಅದಕ್ಕಿಂತ ಕೆಟ್ಟದ್ದು ಬೇರೆ ಇತ್ತು. ಆ ಕಡತದಲ್ಲಿ ಫಾರ್ಮಿನಲ್ಲಿ ತುಂಬಿದ ಎಲ್ಲವೂ ಇಳಿದಿತ್ತು: ಹೆಸರು, ಫೋನ್, ವಿಳಾಸ, ಒಟಿಪಿ. ಪರೀಕ್ಷೆಯ ಹುಸಿ ಮಾಹಿತಿ, ನಿಜ. ಆದರೆ ನಿಜವಾದ ಸರ್ವರಿನಲ್ಲೂ ಇದನ್ನೇ ಮಾಡಿದ್ದರೆ ಸಾವಿರಾರು ಪಾಲಕರ ಗುಟ್ಟು, ಯಾರು ಬೇಕಾದರೂ ತೆರೆಯಬಹುದಾದ ಬರಿಯ ಅಕ್ಷರಗಳ ಕಡತದಲ್ಲಿ ಕೂರುತ್ತಿತ್ತು. ಇದು ಬರೀ ಕಲ್ಪನೆಯ ಭಯವಲ್ಲ. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೂ ಪಾಸ್‌ವರ್ಡ್ ಬದಲಿಸುವಂತೆ ಹೇಳಿತ್ತು. ಪಾಸ್‌ವರ್ಡ್‌ಗಳನ್ನು ಮರೆಮಾಚುವ ಮೊದಲೇ ಅವು ಒಳಗಿನ ಒಂದು ಲಾಗ್‌ನಲ್ಲಿ ಹಾಗೆಯೇ ಬರೆದುಹೋಗುತ್ತಿದ್ದವು. ಕಳ್ಳರು ಯಾರೂ ಬಂದಿರಲಿಲ್ಲ. ಲಾಗ್ ತನ್ನ ಕೆಲಸ ಮಾಡಿತ್ತು, ಅಷ್ಟೇ.

ಎರಡನೆಯ ಸಲ ಕೂತಾಗ ಅವಳು ಪ್ರಶ್ನೆ ಬದಲಿಸಿದಳು. ಏನೇನು ಬರೆಯಬಹುದು ಎಂದಲ್ಲ; ಆ ಬೆಳಿಗ್ಗೆ ಮೀಟಿಂಗಿನಲ್ಲಿ ಕೂತವರಿಗೆ ಏನು ಬೇಕಿತ್ತು? ಬೇಕಿದ್ದದ್ದು ಒಂದೇ. ಪಾಲಕ ಎರಡು ಸಲ ಒತ್ತಿದನೋ, ಒಂದು ಸಲ ಒತ್ತಿದ್ದನ್ನು ತಂತ್ರಾಂಶವೇ ಎರಡು ಮಾಡಿತೋ?

ಅದಕ್ಕೆ ಬೇಕಾದದ್ದು ಅಪ್ಪನ ಪ್ರೈವೇಟ್ ನಂಬರ್. ಹೊರಗಿನಿಂದ ಬರುವ ಪ್ರತಿ ಕೋರಿಕೆಗೆ ಬಾಗಿಲಲ್ಲೇ ಒಂದು ಗುರುತಿನ ಸಂಖ್ಯೆ ಕೊಟ್ಟು, ಆ ಕೋರಿಕೆಯ ಕೆಲಸ ಮುಗಿಯುವ ತನಕ ಪ್ರತಿ ಸಾಲಿನಲ್ಲೂ ಅದು ತಾನಾಗಿ ಬರುವಂತೆ ಮಾಡುವ ವ್ಯವಸ್ಥೆ ಲಾಗ್‌ಬ್ಯಾಕ್‌ನಲ್ಲಿದೆ. ಅದರ ಹೆಸರು ಎಂಡಿಸಿ. ಎರಡು ಸಲ ಒತ್ತಿದ್ದರೆ ಎರಡು ಸಂಖ್ಯೆ, ಒಳಗೇ ಎರಡಾಗಿದ್ದರೆ ಒಂದೇ ಸಂಖ್ಯೆ ಎರಡು ಕಡೆ. ಒಂದು ಎಚ್ಚರ ಬೇಕು: ಸಂಖ್ಯೆ ಥ್ರೆಡ್ಡಿಗೆ ಅಂಟಿಕೊಂಡಿರುತ್ತದೆ, ಸರ್ವರ್ ಅದೇ ಥ್ರೆಡ್ಡನ್ನು ಮತ್ತೊಬ್ಬರ ಕೆಲಸಕ್ಕೂ ಬಳಸುತ್ತದೆ. ಕೆಲಸ ಮುಗಿದ ಕೂಡಲೇ ಅಳಿಸದಿದ್ದರೆ ಒಬ್ಬರ ಸಂಖ್ಯೆ ಇನ್ನೊಬ್ಬರ ಸಾಲಿಗೆ ಹತ್ತಿ, ಮತ್ತೊಬ್ಬ ನಿರಪರಾಧಿ ಸಿಕ್ಕಿಬೀಳುತ್ತಾನೆ. ಆ ಅಳಿಸುವ ಸಾಲನ್ನು ಅವಳು ಮೂರು ಸಲ ಪರೀಕ್ಷಿಸಿದಳು.

ಪಾವತಿಯ ಸಾಲುಗಳಿಗೆ ಬೇರೆಯದೇ ಕಡತ ಮಾಡಿ, ಅದರ ಸರತಿ ಯಾವ ಮಟ್ಟವನ್ನೂ ಬಿಸಾಡದಂತೆ ಮಿತಿಯನ್ನು ಸೊನ್ನೆಗೆ ಇಳಿಸಿದಳು. ಸರತಿ ಪೂರ್ತಿ ತುಂಬಿದರೆ ತಂತ್ರಾಂಶ ಒಂದು ಕ್ಷಣ ಕಾಯಬೇಕಾಗುತ್ತದೆ. ಕಾಯಲಿ ಎಂದುಕೊಂಡಳು, ಹಣದ ಸಾಲಿಗಾಗಿ ಅಷ್ಟು ಕಾಯಬಹುದು. ಉಳಿದೆಲ್ಲ ವಾರ್ನ್‌ನಲ್ಲೇ ಇತ್ತು, ಇರಲಿ. ಸಮಯದ ಜೊತೆ ವಲಯವನ್ನೂ ಬರೆಸಿದಳು, 05:12 ಯಾವ ಊರಿನದ್ದು ಎಂದು ಯಾರೂ ತಡಕಾಡಬಾರದು. ಕಡತ ದಿನಕ್ಕೊಮ್ಮೆಯೂ ಇಂತಿಷ್ಟು ಗಾತ್ರಕ್ಕೊಮ್ಮೆಯೂ ಹೊರಳುವಂತೆ, ಒಟ್ಟು ಗಾತ್ರಕ್ಕೆ ಮೇಲ್ಮಿತಿ ಇರುವಂತೆ ಮಾಡಿದಳು. ಫೋನ್, ಒಟಿಪಿ ಸಾಲಿಗೇ ಬರಬಾರದು. ಬರೆಯುವುದು ಕೋರಿಕೆಯ ಸಂಖ್ಯೆ, ಮೊತ್ತ, ಹಂತ, ಫಲ.

ಕೋಡಿನೊಳಗೂ ಹುಡುಕಿದಳು. ದೋಷ ಹಿಡಿದ ಕಡೆಯೆಲ್ಲ ಅದರ ಸಂದೇಶವನ್ನು ಮಾತ್ರ ಬರೆಯುವ ಚಟ ತಂಡಕ್ಕಿತ್ತು. ಕೆಲವು ದೋಷಗಳಿಗೆ ಸಂದೇಶವೇ ಇರುವುದಿಲ್ಲ. ಹಾಗಾಗಿ ಲಾಗ್‌ನಲ್ಲಿ "ದೋಷ: ನಲ್" ಎಂದು ಬಿದ್ದಿರುತ್ತಿತ್ತು. ದೋಷವನ್ನೇ ಕೊನೆಯ ವಾದವಾಗಿ ಲಾಗರ್‌ಗೆ ಕೊಟ್ಟರೆ ಎಲ್ಲಿ ಹುಟ್ಟಿ ಎಲ್ಲಿಗೆ ಬಂತು ಎಂಬ ಪೂರ್ತಿ ಜಾಡು ಸಿಗುತ್ತದೆ. ಒಂದು ಅಲ್ಪವಿರಾಮ, ಒಂದು ಅಕ್ಷರದ ವ್ಯತ್ಯಾಸ.

ಜುಲೈನಲ್ಲಿ ಎರಡನೇ ಸುತ್ತಿನ ಪ್ರವೇಶ. ಅಷ್ಟು ಗದ್ದಲವಿರಲಿಲ್ಲ, ಆದರೂ ಇಬ್ಬರು ಪಾಲಕರಿಗೆ ಎರಡು ಸಲ ಹಣ ಹೋಯಿತು. ಈ ಸಲ ಕಡತದಲ್ಲಿ ಸಾಲುಗಳಿದ್ದವು. ಬಾಗಿಲಲ್ಲಿ ಒಂದೇ ಕೋರಿಕೆ, ಒಂದೇ ಸಂಖ್ಯೆ. ಅದೇ ಸಂಖ್ಯೆಯಲ್ಲಿ ಬ್ಯಾಂಕಿನ ಕಡೆಗೆ ಎರಡು ಕರೆ, ನಡುವೆ 30 ಸೆಕೆಂಡ್. ಬ್ಯಾಂಕಿನ ಉತ್ತರ ತಡವಾದಾಗ, ಮೊದಲನೆಯದು ಮುಟ್ಟಲಿಲ್ಲವೆಂದು ತಿಳಿದು ತಂತ್ರಾಂಶವೇ ಮತ್ತೊಮ್ಮೆ ಕಳಿಸುತ್ತಿತ್ತು, ಅದೂ ಹೊಸ ವ್ಯವಹಾರ ಎಂಬಂತೆ. ಬ್ಯಾಂಕಿಗೆ ಅವು ಎರಡು ಬೇರೆ ಪಾವತಿ. ಜೂನ್‌ನ ಗದ್ದಲದಲ್ಲಿ ಉತ್ತರಗಳು ಹೆಚ್ಚು ತಡವಾಗಿದ್ದವು, ಹಾಗಾಗಿ ಹೆಚ್ಚು ಜನ. 'ಮತ್ತೆ ಪ್ರಯತ್ನಿಸುತ್ತಿದ್ದೇನೆ' ಎಂದು ಹೇಳುವ ಸಾಲೂ ಕೋಡಿನಲ್ಲಿತ್ತು, ಡೀಬಗ್ ಮಟ್ಟದಲ್ಲಿ. ಯಾವ ದಿನವೂ ಅದು ಕಡತಕ್ಕೆ ಇಳಿದಿರಲಿಲ್ಲ.

ಆ ಕೋಡ್ 2019ರದ್ದು. ಬರೆದವರು ಎಂದೋ ಕಂಪನಿ ಬಿಟ್ಟಿದ್ದರು. ಪರಿಶೀಲಿಸಿ ಒಪ್ಪಿಗೆ ಕೊಟ್ಟವರ ಜಾಗದಲ್ಲಿ ಅವಳ ಹೆಸರಿತ್ತು. ಬಟನ್ನಿನ ಬಣ್ಣಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಅವಳು ಸಿಬ್ಬಂದಿ ವಿಭಾಗಕ್ಕೆ ಹೋಗಿ ಪತ್ರ ವಾಪಸು ತೆಗೆಯಬೇಕೆಂದು ಕೇಳಿದಳು. ಒಮ್ಮೆ ಫೈಲಿಗೆ ಸೇರಿದ್ದನ್ನು ತೆಗೆಯುವ ಪದ್ಧತಿ ಇಲ್ಲ ಎಂದರು. ಜಗಳವಾಡಲೆಂದೇ ಹೋಗಿದ್ದವಳಿಗೆ ಅಪ್ಪನ ಗೆರೆಯ ಮಾತು ನೆನಪಾಯಿತು. ತೆಗೆಯುವುದು ಬೇಡ, ಅದರ ಕೆಳಗೇ ಬರೆಯಲು ಬಿಡಿ ಎಂದಳು. ಕಾರಣ ಹುಡುಗನ ಬದಲಾವಣೆಯಲ್ಲ, 2019ರ ಮರುಪ್ರಯತ್ನದ ಕೋಡ್. ಅದಕ್ಕೆ ಒಪ್ಪಿಗೆ ಕೊಟ್ಟವಳು ತಾನು. ಜೂನ್‌ನಲ್ಲಿ ಸಾಕ್ಷಿ ಸಿಗದಿರಲು ಕಾರಣ ತಾನು 2017ರಲ್ಲಿ ಇಟ್ಟ ಲಾಗಿಂಗ್ ವ್ಯವಸ್ಥೆ. ಹೆಸರು, ತಾರೀಖು, ಸಹಿ. ಓದಿದ ಮ್ಯಾನೇಜರು, "ಇಷ್ಟು ವಿವರ ಬೇಕಾ?" ಎಂದು ಕೇಳಿದರು. ಬೇಕು ಎಂದಳು. ಪ್ರೊಬೇಷನ್ ಆ ತಿಂಗಳೇ ಮುಗಿಯಿತು. ಮೇಲಿನ ಪತ್ರ ಈಗಲೂ ಅಲ್ಲೇ ಇದೆ, ಕೆಳಗಿನ ಬರಹವೂ ಇದೆ.

ಹುಡುಗ ಅದರ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಹೋದ ಆರು ವಾರ ಮಧ್ಯಾಹ್ನ ಒಬ್ಬನೇ ಕೂತು ಉಂಡದ್ದನ್ನು ಯಾವ ಸಾಲೂ ಸರಿ ಮಾಡುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಕೆಲವು ದಿನಗಳ ನಂತರ ಮರುಪ್ರಯತ್ನದ ಕೋಡನ್ನು ತಾನೇ ಸರಿ ಮಾಡುತ್ತೇನೆ ಎಂದು ಅವನು ಕೇಳಿ ತೆಗೆದುಕೊಂಡ. ಎರಡನೇ ಸಲ ಕಳಿಸುವಾಗಲೂ ಹಳೆಯ ವ್ಯವಹಾರದ ಸಂಖ್ಯೆಯನ್ನೇ ಕಳಿಸುವಂತೆ ಮಾಡಿದ, ಬ್ಯಾಂಕ್ ಅದನ್ನು ಗುರುತಿಸಿ ಬಿಡುತ್ತದೆ. ಪರಿಶೀಲನೆಗೆ ಅವಳ ಬಳಿ ತಂದಾಗ ಒಂದು ಸಾಲಿನ ಮೇಲೆ ಬೆರಳಿಟ್ಟ.

"ಅಕ್ಕಾ, ಮತ್ತೊಮ್ಮಿ ಕಳಿಸೀನಿ ಅನ್ನೂ ಸಾಲು. ಇನ್‌ಫೊ ಸಾಕೋ, ವಾರ್ನ್ ಇಡ್ಲ್ಯೊ?"

"ರಾತ್ರಿ ಮೂರಕ್ಕ ಎದ್ದು ಇದನ್ನ ಓದಾಂವ ನೀನ ಅಂತ ತಿಳ್ಕೊ," ಎಂದಳು.

ಅವನು ಸ್ವಲ್ಪ ಹೊತ್ತು ಪರದೆ ನೋಡಿ ವಾರ್ನ್ ಎಂದು ಬರೆದ.